ಬರುತ್ತೇನೆ, ಬಂದೇನು

ನಾಳೆಯ ಮಾತನ್ನು ಇಂದೇ ಆಡುವ ಅಧಿಕಾರ ಜ್ಯೋತಿಷಿಗಳಿಗೆ ಮಾತ್ರ ಉಂಟೆಂದು ಬಾಲ್ಯದಲ್ಲಿ ನಾನು ನಂಬಿದ್ದೆ. ಎಂಟನೆಯ ತರಗತಿಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸಿದ ಮೇಷ್ಟರು ಆ ಭ್ರಮೆಯನ್ನು ಕಳೆದರು. ‘ನಾನು’, ‘ನಾವು’ ಎಂಬವಕ್ಕೆ ‘ಶಲ್’, ಮಿಕ್ಕವರಿಗೆಲ್ಲ ‘ವಿಲ್’. ಶಪಥ ಮಾಡುವಾಗ, ಆಜ್ಞೆ ಕೊಡುವಾಗ ಇದೆಲ್ಲ ತಿರುವುಮುರುವು! ಮಗ್ಗಿಯಂತೆ ಉರುಹೊಡೆದೆವು. ನೀರಿಗೆ ಬಿದ್ದ ಪರದೇಶಿಯೊಬ್ಬ ಗಾಬರಿಯಲ್ಲಿ ಇವೆರಡನ್ನೂ ಅದಲುಬದಲು ಮಾಡಿ, “ಮುಳುಗಿಯೇ ತೀರುವೆನು, ಯಾರೂ ನನ್ನನ್ನು ರಕ್ಷಿಸಕೂಡದು” ಎಂಬರ್ಥದಲ್ಲಿ ಕೂಗಿದನಂತೆ. ದಡದ ಮೇಲಿದ್ದ ಸಭ್ಯ ಆಂಗ್ಲರು ಅವನ ಇಚ್ಛೆಗೆ ಅಡ್ಡಿಬರಲಿಲ್ಲವಂತೆ. ಈ ಹಳೆಯ ಕಥೆಯನ್ನು ಮೇಷ್ಟರು ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದರು. ನಾವೂ ತಪ್ಪದೆ ನಗುತ್ತಿದ್ದೆವು.

ಈ ಕಟ್ಟಳೆಯನ್ನು 1653ರಷ್ಟು ಹಿಂದೆಯೇ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ವಿಧಿಸಿದವನು ಜಾನ್ ವಾಲಿಸ್. ಅವನು ಬರೆದದ್ದು ಲ್ಯಾಟಿನ್ನಿನಲ್ಲಿ, ವೃತ್ತಿಯಿಂದ ಗಣಿತಜ್ಞ. ಇದನ್ನು ಮುಂದೆ ಓದಿ ತಿಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಇಂದು ಇಂಗ್ಲಿಷರೇ ಬಹುಮಟ್ಟಿಗೆ ಎಲ್ಲಕ್ಕೂ ‘ವಿಲ್’ ಎನ್ನುತ್ತಾರೆ. ನಿಜವಾಗಿ ಅವರ ಕ್ರಿಯಾಪದಕ್ಕೆ ಭವಿಷ್ಯತ್ತಿನ ಸ್ವಂತ ಪ್ರತ್ಯಯವಿಲ್ಲ. ‘ವಿಲ್’ ಎಂದರೆ ಮೂಲದಲ್ಲಿ ಬಯಕೆ. ‘ಶಲ್’ ಎಂದರೆ ಋಣ. ಬಯಸಿದ್ದು, ತೀರಿಸಬೇಕಾದದ್ದು—ಇವೆರಡೇ ನಾಳೆಯೆಂದು ಆ ಹಳಬರು ತಿಳಿದಿದ್ದರೋ ಏನೋ!

ಕನ್ನಡಿಗರಾದ ನಮ್ಮ ರೀತಿಯೇ ಬೇರೆ. ‘ಬರುವೆನು’ ಎಂಬ ಭವಿಷ್ಯದ್ರೂಪ ಗ್ರಂಥದಲ್ಲಿ ಹಾಯಾಗಿದೆ. ಮನೆಯಲ್ಲಿ ಮಾತ್ರ ‘ನಾಳೆ ಬರುತ್ತೇನೆ’ ಎಂದು ವರ್ತಮಾನದಿಂದಲೇ ಕೆಲಸ ಸಾಗಿಸುತ್ತೇವೆ. ಊಟಕ್ಕೆ ಕರೆದರೆ ಕುಳಿತಲ್ಲಿಂದಲೇ ‘ಬಂದೆ’ ಎನ್ನುತ್ತೇವೆ. ಎದ್ದಿರುವುದಿಲ್ಲ, ಭೂತಕಾಲ ಆಗಲೇ ಎಲೆಯ ಮುಂದೆ ಕುಳಿತಿರುತ್ತದೆ! ‘ನಾಳೆ ಮಳೆ ಬಂದರೆ’ ಎಂಬಲ್ಲಿಯೂ ಭೂತಕಾಲದ ಧಾತುರೂಪವೇ. ಇಂಗ್ಲಿಷಿನಲ್ಲಿಯೂ ಆ ‘ಆದರೆ’ಯ ವಾಕ್ಯಕ್ಕೆ ಸಾಮಾನ್ಯವಾಗಿ ‘ವಿಲ್’ ಸೇರದು, ವರ್ತಮಾನವೇ ಸಾಕು. ಆದರೂ ನಮ್ಮ ಹುಡುಗರು ನಾಳೆಯ ಹೆಸರು ಕಂಡೊಡನೆ ‘ವಿಲ್’ ತುರುಕಿ ಅಂಕ ಕಳೆದುಕೊಳ್ಳುತ್ತಾರೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ನಮ್ಮ ಸಂಭಾವನಾರ್ಥಕ: ‘ಬಂದೇನು’. ಅದರ ಅರ್ಥವನ್ನು ನಾನು ವ್ಯಾಕರಣದಿಂದ ಕಲಿಯಲಿಲ್ಲ. ತಂದೆಯವರಿಗೆ ಪರಊರಿನಲ್ಲಿ ನೌಕರಿ. ದೀಪಾವಳಿಗೆ ಮುಂಚೆ ಅವರ ಕಾಗದ ಬರುತ್ತಿತ್ತು. ‘ಹಬ್ಬಕ್ಕೆ ಬರುತ್ತೇನೆ’ ಎಂದಿದ್ದರೆ ಅಮ್ಮ ಅದೇ ದಿನ ಕಜ್ಜಾಯದ ಅಕ್ಕಿಯ ಲೆಕ್ಕ ಹಾಕುವಳು. ‘ಬಂದೇನು’ ಎಂದಿದ್ದರೆ ಕಾಗದವನ್ನು ಮಡಿಸಿ ದೇವರ ಗೂಡಿನಲ್ಲಿಟ್ಟು, “ಅಪ್ಪ ಚೆನ್ನಾಗಿದ್ದಾರಂತೆ” ಎಂದಷ್ಟೇ ಹೇಳುವಳು. ನಾವು ಮಕ್ಕಳು ಮತ್ತೆ ಕೇಳುತ್ತಿರಲಿಲ್ಲ. ಅಂಥ ಒಂದು ವರ್ಷ ಅವಳು ಅಕ್ಕಿ ನೆನೆಹಾಕಲಿಲ್ಲ. ಆದರೆ ಹಬ್ಬದ ರಾತ್ರಿ ಕೊನೆಯ ಬಸ್ಸಿನ ಹೊತ್ತು ಮೀರುವವರೆಗೂ ಬಾಗಿಲಿಗೆ ಅಗುಳಿ ಹಾಕಲಿಲ್ಲ. ತಂದೆಯವರು ಬರಲಿಲ್ಲ. ಅವರ ಮಾತು ಸುಳ್ಳೂ ಆಗಲಿಲ್ಲ.

ಈಗ ಕಾಲೇಜಿನಲ್ಲಿ ಈ ರೂಪವನ್ನು ಪಾಠ ಮಾಡುವಾಗ, “ಇಂಗ್ಲಿಷಿನಲ್ಲಿ ಇದಕ್ಕೇನೆನ್ನುತ್ತಾರೆ, ಸಾರ್?” ಎಂದು ಯಾರಾದರೂ ಕೇಳುವುದುಂಟು. ಕರಿಹಲಗೆಯ ಮೇಲೆ ‘ಮೇ’ ಎಂದು ಬರೆಯುತ್ತೇನೆ. ಪರೀಕ್ಷೆಗೆ ಅಷ್ಟು ಸಾಕು. ಆ ತೆರೆದ ಬಾಗಿಲನ್ನು ಯಾವ ಪದದಿಂದ ಭಾಷಾಂತರಿಸಲಿ?