ಪಾದುವಾ ನಗರದ ಶವಪರೀಕ್ಷಾ ಮಂದಿರ

ಇಟಲಿಯ ಪಾದುವಾ ವಿಶ್ವವಿದ್ಯಾನಿಲಯದಲ್ಲಿ ಮರದ ಬಾವಿಯೊಂದಿದೆ. ಬಾವಿಯೆಂದರೆ ಉತ್ಪ್ರೇಕ್ಷೆಯಲ್ಲ: 1595ರಲ್ಲಿ ಸಿದ್ಧವಾದ ಈ ಅಂಗಚ್ಛೇದನ ಮಂದಿರದಲ್ಲಿ ಅಂಡಾಕಾರದ ಆರು ಅಂತಸ್ತುಗಳು ಹಿಗ್ಗುತ್ತ ಮೇಲೇರಿವೆ. ಆಸನಗಳಿಲ್ಲ, ವಿದ್ಯಾರ್ಥಿಗಳು ಕಟಕಟೆಗೊರಗಿ ನಿಂತು, ಮೇಣದಬತ್ತಿಯ ಬೆಳಕಿನಲ್ಲಿ ತಳದ ಮೇಜಿನ ಶವವನ್ನು ನೋಡುತ್ತಿದ್ದರು. ರಕ್ತಪರಿಚಲನೆಯ ಮರ್ಮವನ್ನರುಹಿದ ಹಾರ್ವೆಯೂ 1602ರಲ್ಲಿ ಪದವಿ ಪಡೆದುದು ಈ ಊರಿನಲ್ಲಿಯೇ.

ಅದಕ್ಕೂ ಮುನ್ನ ಇಲ್ಲಿ ಪಾಠ ಹೇಳಿದ ವೆಸೇಲಿಯಸನ 1543ರ ಮಹಾಗ್ರಂಥವನ್ನು ತೆರೆದರೆ, ಚರ್ಮ ಸುಲಿದ ಮಾನವರು ಗುಡ್ಡ, ಸೇತುವೆಗಳ ಮುಂದೆ ಜೀವಂತರಂತೆ ನಿಂತಿದ್ದಾರೆ. ಅಸ್ಥಿಪಂಜರವೊಂದು ತಲೆಬುರುಡೆಯ ಮೇಲೆ ಕೈಯಿರಿಸಿ ಚಿಂತಾಮಗ್ನವಾಗಿದೆ! ಶಾಸ್ತ್ರಗ್ರಂಥಕ್ಕೆ ಇಷ್ಟು ಕರುಣರಸವೇಕೆನಿಸಬಹುದು. ಆದರೆ ಅಲ್ಲಿ ಚಿತ್ರಕಾರನ ಹೆಸರಿಲ್ಲ. ಕೊಯ್ಯಲ್ಪಟ್ಟವರ ಹೆಸರಂತೂ ಕೇಳುವವರೇ ಇರಲಿಲ್ಲ. ಅವರಲ್ಲಿ ಹಲವರು ಮರಣದಂಡನೆಗೆ ಗುರಿಯಾದವರು.

ಮಂದಿರದ ಬಳಕೆ 1872ರಲ್ಲಿ ನಿಂತಿತು. ಇಂದಿನ ಪ್ರವಾಸಿಗನು ತಳದಿಂದಲೇ, ಶವವಿದ್ದೆಡೆಯಿಂದ, ತಲೆಯೆತ್ತಿ ಆ ಬರಿದಾದ ಕಟಕಟೆಗಳನ್ನು ನೋಡುತ್ತಾನೆ.