ಲೋರಿಯಾಂ ಊರಿನ ವಾದ್ಯಮೇಳ

ಮದುವೆಯ ಮನೆಯಲ್ಲಿ ಎಷ್ಟು ಸಡಗರವಿದ್ದರೂ ಓಲಗದ ದನಿ ಏಳುವವರೆಗೆ ಅದು ಮದುವೆಯೆನಿಸುವುದಿಲ್ಲ. ಮುಖ್ಯ ವಾದ್ಯಗಾರನ ಕೈಚಳಕವನ್ನು ಎಲ್ಲರೂ ಮೆಚ್ಚುವರು. ಅವನ ಪಕ್ಕದಲ್ಲಿ ಕೆನ್ನೆಯುಬ್ಬಿಸಿ, ಉಸಿರು ಕಡಿಯದಂತೆ ಒಂದೇ ಸ್ವರವನ್ನು ಹಿಡಿದು ಕುಳಿತಿರುವ ಶ್ರುತಿಯವನ ಕಡೆಗೆ ನೋಡುವವರು ಕಡಮೆ. ಅವನು ನಿಲ್ಲಿಸಿದರೆ ಮಾತ್ರ ಅವನ ಬೆಲೆ ತಿಳಿಯುವುದು. ಈ ಸಂಗತಿಯ ಪೂರ್ಣಾರ್ಥ ನನಗೆ ಹೊಳೆದದ್ದು ಇಲ್ಲಿಂದ ಐದು ಸಾವಿರ ಮೈಲಿ ದೂರದ ಒಂದು ಪರದೇಶದಲ್ಲಿ.

ಫ್ರಾನ್ಸ್ ದೇಶದ ಪಶ್ಚಿಮದ ತುದಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಪ್ರಾಂತಕ್ಕೆ ಬ್ರಿಟನಿ ಎಂದು ಹೆಸರು. ಅದರ ದಕ್ಷಿಣ ತೀರದಲ್ಲಿರುವ ರೇವುಪಟ್ಟಣವೇ ಲೋರಿಯಾಂ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚರ ಈಸ್ಟ್ ಇಂಡಿಯಾ ಕಂಪೆನಿಯವರು ನಮ್ಮ ದೇಶದ ಕಡೆಗೆ ಬರುವ ಹಡಗುಗಳಿಗಾಗಿ ನೆಲೆಗೊಳಿಸಿದ ಊರು ಅದು. ಹೆಸರಿನ ಅರ್ಥವೇ ‘ಪೂರ್ವದಿಕ್ಕು’. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಅಲ್ಲಿ ಜಲಾಂತರ್ಗಾಮಿಗಳ ನೆಲೆಯನ್ನು ಕಟ್ಟಿದರು. 1943ರ ಮೊದಲ ತಿಂಗಳುಗಳಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬುಗಳನ್ನು ಸುರಿಸಿದುವು. ಊರು ಬಹುಮಟ್ಟಿಗೆ ನೆಲಸಮವಾಯಿತು. ಕಾಂಕ್ರೀಟಿನ ಆ ನೆಲೆ ಮಾತ್ರ ಉಳಿಯಿತು. ಮತ್ತೆ ಕಟ್ಟಿದ ಆ ಊರಿನಲ್ಲಿ 1971ರಲ್ಲಿ ಕೆಲ್ಟಿಕ್ ಸಂಗೀತದ ಉತ್ಸವವೊಂದು ಮೊದಲಾಯಿತು. ಆಗಸ್ಟ್ ತಿಂಗಳಿನಲ್ಲಿ ಹತ್ತು ದಿನ ನಡೆಯುವ ಈ ಉತ್ಸವಕ್ಕೆ ಸ್ಕಾಟ್‌ಲೆಂಡ್, ಐರ್ಲೆಂಡ್, ವೇಲ್ಸ್, ಕಾರ್ನ್‌ವಾಲ್, ಮ್ಯಾನ್ ದ್ವೀಪ, ಸ್ಪೇನಿನ ಗಲೀಸಿಯ, ಅಸ್ತೂರಿಯಸ್ ಮೊದಲಾದ ಕಡೆಗಳಿಂದ ಗಾಯಕರೂ ವಾದ್ಯಗಾರರೂ ಬರುವರು. ನನ್ನ ಮಗಳ ಸಂಸಾರವು ಅದೇ ಪ್ರಾಂತದ ರೆನ್ ನಗರದಲ್ಲಿರುವುದರಿಂದ ಅದನ್ನು ನೋಡುವ ಯೋಗ ನನಗೂ ಒದಗಿತು.

ಉತ್ಸವದ ಜೀವವೆಂದರೆ ಬಗಾದ್. ಬ್ರೆಟನ್ ಭಾಷೆಯಲ್ಲಿ ಆ ಶಬ್ದಕ್ಕೆ ಗುಂಪು ಎಂದರ್ಥ. ಒಂದೊಂದು ಊರಿನ ಜನ ಸೇರಿ ಕಟ್ಟಿಕೊಂಡ ವಾದ್ಯಮೇಳ ಅದು. ಅದರಲ್ಲಿ ಮೂರು ಪಂಗಡಗಳು. ತಮಟೆ ನಗಾರಿಗಳ ಬಳಗಕ್ಕೆ ಸೇರಿದ ಚರ್ಮವಾದ್ಯಗಳು ಒಂದು. ಬೊಂಬಾರ್ಡ್ ಎಂಬುದು ಎರಡನೆಯದು. ಇದು ನಮ್ಮ ಮುಖವೀಣೆಯ ಜಾತಿಯದು. ಕಟ್ಟಿಗೆಯ ಗಿಡ್ಡ ಕೊಳವಿ, ತುದಿಯಲ್ಲಿ ಜೋಡಿ ದಳದ ನಾಲಗೆ. ಊದುವವನು ಬೇಗ ದಣಿಯುವಷ್ಟು ಬಿಗಿಯಾದ ವಾದ್ಯವಾದುದರಿಂದ ಅವನು ಪಲ್ಲವಿಗೊಮ್ಮೆ ನಿಂತು ಸುಧಾರಿಸಿಕೊಳ್ಳಲೇಬೇಕು. ಮೂರನೆಯದು ಸ್ಕಾಟ್‌ಲೆಂಡಿನ ಬ್ಯಾಗ್‌ಪೈಪ್. ನಮ್ಮ ಸೈನ್ಯದ ಪಥಸಂಚಲನದಲ್ಲಿ ವಾಚಕರು ಅದನ್ನು ಕೇಳಿರಬಹುದು. ಕಮ್ಮಾರನ ತಿದಿಯಂಥ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡಿರುತ್ತಾರೆ. ಬೆರಳಾಡುವ ಕೊಳವಿಯಲ್ಲಿ ಒಂಬತ್ತೇ ಸ್ವರಗಳು. ಹೆಗಲ ಮೇಲೆ ನಿಂತ ಮೂರು ಕೊಳವಿಗಳು ಬಿಡದೆ ಶ್ರುತಿಯನ್ನು ನುಡಿಯುತ್ತವೆ. ಊದುವವನು ಉಸಿರೆಳೆದುಕೊಳ್ಳುವಾಗ ತೋಳಿನಿಂದ ಚೀಲವನ್ನು ಅಮುಕುವನು. ಚೀಲದಲ್ಲಿ ಕೂಡಿಟ್ಟ ಗಾಳಿಯಿಂದ ನಾದವು ಮುರಿಯದೆ ನಿಲ್ಲುವುದು.

ಸ್ಪರ್ಧೆಯ ದಿನ ನಾನು ಮೈದಾನಕ್ಕಿಂತ ಅದರ ಹಿಂದಿನ ಬಯಲಿನಲ್ಲಿಯೇ ಹೆಚ್ಚು ಹೊತ್ತು ಕಳೆದೆನು. ಅಲ್ಲಿ ಮೇಳದವರು ದುಂಡಗೆ ನಿಂತಿದ್ದರು. ಒಬ್ಬನು ಪ್ರತಿಯೊಬ್ಬರ ಬಳಿಗೂ ಹೋಗಿ, ಹೆಗಲ ಮೇಲಿನ ಕೊಳವಿಗೆ ಕಿವಿಗೊಟ್ಟು, ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ ಶ್ರುತಿ ಕೂಡಿಸುತ್ತಿದ್ದನು. ಬಿಸಿಲೇರಿದರೆ, ತೇವ ಹೆಚ್ಚಿದರೆ ಶ್ರುತಿ ಕದಲುವುದರಿಂದ ಮತ್ತೆ ಮೊದಲಿನಿಂದ ಆ ಸುತ್ತು. ಸಾಲಿನಲ್ಲಿ ನರೆತ ತಲೆಯ ಗೃಹಸ್ಥರೊಬ್ಬರ ಪಕ್ಕದಲ್ಲಿ ಶಾಲೆಗೆ ಹೋಗುವ ಹುಡುಗಿಯಿದ್ದಳು. ಇಂಥ ಮೇಳಗಳಲ್ಲಿ ಹೆಚ್ಚಿನವರು ಬೇರೆ ಕಸುಬಿನಿಂದ ಜೀವಿಸುವವರು. ಬಿಡುವಿನ ವೇಳೆಯಲ್ಲಿ ಸೇರಿ, ಮೊದಲು ಚೀಲವಿಲ್ಲದ ಕೊಳವಿಯಲ್ಲಿ ಬೆರಳು ಪಳಗಿಸಿ, ಆಮೇಲೆ ಚೀಲವನ್ನು ಹಿಡಿಯುತ್ತಾರೆ. ಎಳೆಯರಿಗಾಗಿ ಬಗಾದಿಗ್ ಎಂಬ ಕಿರುಮೇಳವೂ ಉಂಟು. ನಮ್ಮಲ್ಲಿ ಓಲಗವು ಕೆಲವು ಮನೆತನಗಳಿಗೆ ಬಿಟ್ಟ ಕೆಲಸವಾಗಿ, ಮಿಕ್ಕವರೆಲ್ಲ ಕೇಳುವವರಾಗಿಯೇ ಉಳಿದೆವು. ಅಲ್ಲಿಯಾದರೋ ನೆರೆಮನೆಯ ಯಾವ ಮಗುವಿಗೂ ಮೇಳದ ಬಾಗಿಲು ತೆರೆದಿದೆ.

ಈ ಮೇಳಗಳು ಬಹು ಪ್ರಾಚೀನವೆಂದು ನಾನು ತಿಳಿದಿದ್ದೆನು. ವಿಚಾರಿಸಲಾಗಿ, ಇವಕ್ಕೆ ಇನ್ನೂ ನೂರು ವರ್ಷವೂ ತುಂಬಿಲ್ಲವೆಂದು ತಿಳಿದು ಆಶ್ಚರ್ಯವಾಯಿತು. ಹಿಂದೆ ಅಲ್ಲಿಯ ಹಳ್ಳಿಗಳ ಮದುವೆಗಳಲ್ಲಿ ಬೊಂಬಾರ್ಡ್ ಒಂದು, ಬಿನಿಯು ಎಂಬ ಪುಟ್ಟ ಚೀಲವಾದ್ಯ ಒಂದು, ಹೀಗೆ ಇಬ್ಬರೇ ನುಡಿಸುತ್ತಿದ್ದರು. ಮೊದಲನೆಯ ಮಹಾಯುದ್ಧದ ತರುವಾಯ ಅಕಾರ್ಡಿಯನ್ ಬಂದು ಅವರ ಸ್ಥಾನವನ್ನು ಹಿಡಿಯಿತು. ಹಳೆಯ ವಾದ್ಯಗಾರರು ವಿರಳರಾದರು. ಆಗ ಪೋಲಿಗ್ ಮೊಂಜಾರೆ ಮೊದಲಾದವರು 1943ರಲ್ಲಿ ವಾದ್ಯಗಾರರ ಸಂಘವನ್ನು ಕಟ್ಟಿದರು. ಸ್ಕಾಟ್‌ಲೆಂಡಿನ ಮೇಳಗಳ ಮಾದರಿಗೆ ತಮ್ಮ ಬೊಂಬಾರ್ಡನ್ನು ಸೇರಿಸಿ, ಆ ದಶಕದ ಕೊನೆಯಲ್ಲಿ ಕಾರೆ ಎಂಬ ಊರಿನ ರೈಲ್ವೆ ಕೆಲಸಗಾರರು ಬಗಾದನ್ನು ಕಟ್ಟಿ ದಾರಿ ತೋರಿದರು. ಮೊಂಜಾರೆಯವರು ಸಂಗ್ರಹಿಸಿ ಬರೆದಿಟ್ಟ ಮಟ್ಟುಗಳು ಸುಮಾರು 3,000. ಕೊನೆಯುಸಿರು ಎಳೆಯುತ್ತಿದ್ದ ಸಂಗೀತ ಹೀಗೆ ಉಳಿಯಿತು.

ಸಂಗೀತ ಉಳಿಯಿತು, ಭಾಷೆಯ ಗತಿ ಬೇರೆಯಾಯಿತು. ಮೆರವಣಿಗೆಯನ್ನು ನೋಡುತ್ತ ನಿಂತಿದ್ದಾಗ ಎಂಟು ವರ್ಷದ ನನ್ನ ಮೊಮ್ಮಗಳು ಕೇಳಿದಳು: “ತಾತ, ಬಾವುಟದ ಮೇಲೆ ಬೇರೆ ಏನೋ ಬರೆದಿದೆ, ಇವರೆಲ್ಲ ಮಾತಾಡೋದು ಫ್ರೆಂಚೇ ಅಲ್ಲವಾ?”

ನಾನು ತಿಳಿದಷ್ಟನ್ನು ಹೇಳಿದೆನು. ಹಿಂದೆ ಅಲ್ಲಿಯ ಶಾಲೆಗಳಲ್ಲಿ ಬ್ರೆಟನ್ ಮಾತನ್ನಾಡಿದ ಮಗುವಿನ ಕೊರಳಿಗೆ ಮರದ ಪಾದರಕ್ಷೆಯನ್ನೋ ಅಂಥ ಮತ್ತೊಂದನ್ನೋ ನೇತುಹಾಕುತ್ತಿದ್ದರು. ಆ ಮಗು ಇನ್ನೊಂದು ಮಗುವಿನ ಬಾಯಲ್ಲಿ ಅದೇ ಮಾತನ್ನು ಕೇಳಿದರೆ ಅದನ್ನು ಅದರ ಕೊರಳಿಗೆ ದಾಟಿಸಬೇಕು. ಸಂಜೆಗೆ ಯಾರ ಕೊರಳಲ್ಲಿದ್ದರೆ ಅವರಿಗೆ ಶಿಕ್ಷೆ.

“ದೊಡ್ಡವರಾದ ಮೇಲೆ ಮನೆಯಲ್ಲಿ ಮಾತಾಡಬಹುದಿತ್ತಲ್ಲ?” ಎಂದಳು.

“ಮಾತಾಡಲಿಲ್ಲ ಮಗು. ತಾವು ಪಟ್ಟ ಅವಮಾನ ಮಕ್ಕಳಿಗೆ ಬೇಡ ಎಂದುಕೊಂಡರು.”

ಅವಳು ತನ್ನ ತಾಯಿಯ ಮುಖವನ್ನು ನೋಡಿದಳು. ತಾಯಿ ಕನ್ನಡದಲ್ಲಿ ಕೇಳಿದುದಕ್ಕೆಲ್ಲ ಫ್ರೆಂಚಿನಲ್ಲಿಯೇ ಉತ್ತರ ಕೊಡುವುದು ಆ ಹುಡುಗಿಗೆ ರೂಢಿಯಾಗಿತ್ತು. ನನ್ನ ಮಗಳು ಏನೂ ಆಡದೆ ಅವಳ ಕೈಯನ್ನು ಹಿಡಿದುಕೊಂಡಳು.

1950ರ ಸುಮಾರಿಗೆ ಬ್ರೆಟನ್ ಆಡುವವರು ಹತ್ತು ಲಕ್ಷದಷ್ಟಿದ್ದರು. ಇಂದು ಅದರ ಐದರಲ್ಲೊಂದು ಪಾಲೂ ಇಲ್ಲ. ಉಳಿದವರಲ್ಲಿ ವೃದ್ಧರೇ ಹೆಚ್ಚು. 1977ರಲ್ಲಿ ಮೊದಲಾದ ದಿವಾನ್ ಎಂಬ ಶಾಲೆಗಳಲ್ಲಿ ಮಕ್ಕಳು ಅದನ್ನು ಮತ್ತೆ ಕಲಿಯುತ್ತಿದ್ದಾರೆ. ಅದು ಪುಣ್ಯದ ಕೆಲಸವೇ ಸರಿ. ಆದರೂ ತಾಯಿಯ ಜೋಗುಳದಲ್ಲಿ ಬರಬೇಕಾದುದನ್ನು ಪಾಠವಾಗಿ ಕಲಿಯುವುದು ಎಷ್ಟು ಕಷ್ಟ! ಬರೆದಿಟ್ಟ ಮಟ್ಟನ್ನು ಮೂವತ್ತು ವರ್ಷ ಬಿಟ್ಟು ಹತ್ತು ಜನ ಸೇರಿ ನುಡಿಸಬಹುದು. ಮನೆಮಾತಿಗೆ ಅಷ್ಟು ದೀರ್ಘವಾದ ಗಡುವಿಲ್ಲ. ಒಂದು ತಲೆಮಾರು ಉಸಿರೆಳೆದುಕೊಳ್ಳಲು ನಿಂತರೆ ಚೀಲದಲ್ಲಿ ಕೂಡಿಟ್ಟ ಗಾಳಿ ಸ್ವಲ್ಪ ಹೊತ್ತು ನಡೆಸೀತು. ಎರಡನೆಯ ತಲೆಮಾರೂ ಊದದಿದ್ದರೆ ಚೀಲ ಬರಿದಾಗುವುದು.

ದೂರದೇಶಗಳಲ್ಲಿ ಮಾತ್ರವಲ್ಲ, ನಮ್ಮ ಬೆಂಗಳೂರಿನ ಮನೆಗಳಲ್ಲಿಯೂ ಇಂದು ಇದೇ ಪ್ರಶ್ನೆಯಿದೆ. ಮಕ್ಕಳು ಹೊರಗೆ ಬದುಕಿಗೆ ಬೇಕಾದ ಭಾಷೆಗಳನ್ನು ಕಲಿಯಲಿ, ಯಾರೂ ಬೇಡವೆನ್ನಲಾರರು. ಊಟದ ಎಲೆಯ ಮುಂದೆ, ಮಲಗುವ ಹೊತ್ತಿನ ಕಥೆಯಲ್ಲಿ, ಹಬ್ಬದ ಅಡಿಗೆಮನೆಯಲ್ಲಿ ಆಡುವ ಮಾತಾದರೂ ನಮ್ಮದಾಗಿರಲಿ. ಇದಕ್ಕೆ ಸಂಘ ಬೇಡ, ಚಂದಾ ಬೇಡ. ಮನೆಯ ಹಿರಿಯರು ದಿನಕ್ಕೆ ಅರ್ಧ ಗಂಟೆ ಮಕ್ಕಳ ಪಕ್ಕದಲ್ಲಿ ಕುಳಿತರೆ ಸಾಕು.