ಗೇನ್ ಏರಿಸೋ ಮುಂಚೆ
ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ನಲ್ಲಿ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್) ಸಿಗ್ನಲ್ ಕ್ಷೀಣವಾದರೆ ಎಲ್ಲರ ಕೈ ಮೊದಲು ಹೋಗೋದು ಗೇನ್‌ಗೆ, ಅಂದರೆ ಸಿಗ್ನಲ್ ಹಿಗ್ಗಿಸುವ ಸೆಟ್ಟಿಂಗ್‌ಗೆ. ಪೂರ್ತಿ ಏರಿಸಿದರೆ ಸಿಗ್ನಲ್‌ಗಳನ್ನು ತೋರಿಸುವ ವಾಟರ್‌ಫಾಲ್ ಚಿತ್ರದ ತುಂಬ ಸುಳ್ಳು ಗೆರೆಗಳು. ಬೇಕಾದದ್ದು ಮಾತ್ರ ಮಾಯ. ಬೆಂಗಳೂರಿನಂಥ ಊರಲ್ಲಿ 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಎಫ್‌ಎಂ ಕೇಂದ್ರಗಳ ಅಬ್ಬರಕ್ಕೇ ಈ ಪುಟ್ಟ ಟ್ಯೂನರ್ ಸುಸ್ತು. ಇನ್ನು ತಲೆ ಮೇಲೆ ಹಾದುಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ದನಿ 145.800 ಮೆಗಾಹರ್ಟ್ಸ್‌ನಲ್ಲಿ ಹೇಗೆ ಕೇಳೀತು?

ಗೇನ್ ಇಳಿಸಿ ನೋಡಿ. ಎಫ್‌ಎಂ ತಡೆಯುವ ಫಿಲ್ಟರ್ ಹಾಕಿ. ಡಾಂಗಲನ್ನು ಲ್ಯಾಪ್‌ಟಾಪಿಗೇ ಚುಚ್ಚದೆ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ದೂರವಿಡಿ. ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬು ಆಫ್ ಮಾಡಿ (ಆ ಬಲ್ಬುಗಳ ಗಲಾಟೆಯೋ, ಅಬ್ಬಬ್ಬಾ!). ಡೈಪೋಲ್ ಆಂಟೆನಾದ ಒಂದೊಂದು ಕಡ್ಡಿ ಸುಮಾರು ಅರ್ಧ ಮೀಟರ್ ಇರಲಿ, ಆಂಟೆನಾ ಕಿಟಕಿಯಾಚೆ ಇರಲಿ. ಇಷ್ಟಾದರೂ ಕೇಳಿಸದಿದ್ದರೆ ಮಾತ್ರ ಎಲ್‌ಎನ್‌ಎಗೆ (ಕಡಿಮೆ ಗದ್ದಲದ ಆಂಪ್ಲಿಫೈಯರ್) ದುಡ್ಡು ಹಾಕಿ.